ಗಾಯನ ಮಂಟಪದ ತಂತಿವಾದ್ಯಗಳು

ಧರ್ಮಕೇಂದ್ರವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡವರಿಗೆ ಇಗರ್ಜಿಯ ಅಡಿಗಲ್ಲು ಎಂದು ಬಿತ್ತು, ಗಂಟೆ ಎಲ್ಲಿಂದ ಬಂತು, ಯಾವ ಧರ್ಮಗುರುಗಳು ಯಾವ ಅವಧಿಯಲ್ಲಿ ಸೇವೆ ಸಲ್ಲಿಸಿದರು, ಪೀಠಕ್ಕೆ ಅಮೃತಶಿಲೆಯನ್ನು ದಾನವಿತ್ತವರು ಯಾರು ಎಂಬ ವಿವರಗಳು ದೊರೆಯುತ್ತವೆ. ಇವೆಲ್ಲ ಬೇಕಾದವೇ. ಆದರೆ ಮುಖ್ಯದ್ವಾರದ ಮೇಲಣ ಗಾಯನ ಮಂಟಪದಲ್ಲಿ, ಬಾವಲಿಗಳ ನೆರೆಯಲ್ಲಿ, ಮರದ ಪೆಟ್ಟಿಗೆಯೊಳಗೆ ಮಲಗಿರುವ ಪಿಟೀಲುಗಳ ಸಂಗತಿಯನ್ನು ಬರೆದವರು ವಿರಳ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಕಥೋಲಿಕ ಜನರ ಆರಾಧನೆಗೆ ತಲೆಮಾರುಗಳ ಕಾಲ ಕಂಠವಾಗಿದ್ದ ಈ ವಾದ್ಯಗಳು ಎಲ್ಲಿಂದ ಬಂದವು, ಹೇಗೆ ಬದುಕಿದವು, ಯಾವುದರಿಂದ ಹಾಳಾಗುತ್ತಿವೆ ಎಂಬುದನ್ನು ಈ ಸಂದರ್ಭದಲ್ಲಿ ಬರೆದಿಡುವುದು ಯುಕ್ತವೆಂದು ನಮಗೆ ತೋರಿತು.

ನಮ್ಮ ಪೂರ್ವಜರಲ್ಲಿ ಬಹುತೇಕರು ಗೋವೆಯಿಂದ ಬಂದವರು. 1542ರಲ್ಲಿ ಸ್ಥಾಪಿತವಾದ ಗೋವೆಯ ಸಂತ ಪೌಲರ ವಿದ್ಯಾಲಯದಲ್ಲಿಯೂ, ಅನಂತರ ಅಲ್ಲಿನ ಧರ್ಮಕೇಂದ್ರದ ಶಾಲೆಗಳಲ್ಲಿಯೂ ಅಕ್ಷರದ ಜೊತೆಗೇ ಸ್ವರವನ್ನೂ ಕಲಿಸುವ ಪದ್ಧತಿಯಿತ್ತು. ಮಗುವು ಜಪ ಕಲಿತಂತೆ ಸ್ವರಲಿಪಿಯನ್ನೂ ಓದಲು ಕಲಿಯುತ್ತಿತ್ತು. ಕಿವಿ ಚೆನ್ನಾಗಿದ್ದ ಹುಡುಗನ ಕೈಗೆ ಪಿಟೀಲು ಬರುತ್ತಿತ್ತು. ಪೋರ್ಚುಗೀಜರು ಅದನ್ನು ರಬೆಕಾ ಎಂದರು, ಗೋವೆಯ ಕೊಂಕಣಿಗರು ರಬೆಕ್ ಎಂದರು. ಕಲಿಸುವಾತನು ‘ಮೆಸ್ತ್ರಿ’. ವಾಚಕರು ಇಲ್ಲೊಂದು ವಿನೋದವನ್ನು ಗಮನಿಸಬೇಕು. ಮೇಜು, ಜನೇಲು, ಇಗರ್ಜಿ ಎಂಬ ಮಾತುಗಳಂತೆಯೇ ಕನ್ನಡದ ‘ಮೇಸ್ತ್ರಿ’ಯೂ ಪೋರ್ಚುಗೀಜರ ‘ಮೆಸ್ತ್ರೆ’ಯಿಂದ ಬಂದುದು. ಹಾಡು ಕಲಿಸುವವನೂ ಮೇಸ್ತ್ರಿ, ಮನೆ ಕಟ್ಟುವವನೂ ಮೇಸ್ತ್ರಿ. ಪಿಟೀಲಿನ ಬಾಳು ಈ ಇಬ್ಬರು ಮೇಸ್ತ್ರಿಗಳ ಕೈಯಲ್ಲಿಯೂ ಇದೆ ಎಂಬುದು ಮುಂದೆ ತಿಳಿಯುವುದು.

1784ರ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಈ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕಥೆಯು ಎಲ್ಲರಿಗೂ ತಿಳಿದದ್ದೇ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಜೈನ ಅರಸರಾದ ಚೌಟರ ಸ್ನೇಹದಿಂದಾಗಿ ಹೊಸಬೆಟ್ಟುವಿನ ಪವಿತ್ರ ಶಿಲುಬೆಯ ದೇವಾಲಯವೊಂದು ಉಳಿಯಿತೆಂದು ಇತಿಹಾಸಕಾರರು ಬರೆದಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಬಳಿಕ ಹಿಂತಿರುಗಿದವರು ಗೋಡೆಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಹಾಡು ಬಾಯಲ್ಲಿ ಉಳಿಯುತ್ತದೆ. ವಾದ್ಯವಾದರೋ ಬೆಂಕಿಗೂ ಮಳೆಗೂ ತುತ್ತು. ಆದುದರಿಂದ ನಮ್ಮ ಗಾಯನ ಮಂಟಪಗಳ ಚರಿತ್ರೆಯು ಬಹುಮಟ್ಟಿಗೆ 19ನೆಯ ಶತಮಾನದಿಂದಲೇ ಆರಂಭವಾಗುತ್ತದೆ. 1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಮರುವರ್ಷವೇ ಸಂತ ಜೋಸೆಫರ ಗುರುಮಠವು ಪ್ರಾರಂಭವಾಯಿತು. ಅವರು ಪಿಟೀಲಿನ ತಾಯ್ನಾಡಿನಿಂದ ಬಂದವರು.

ಇಗರ್ಜಿಯೊಳಗೆ ಯಾವ ವಾದ್ಯಕ್ಕೆ ಪ್ರವೇಶ, ಯಾವುದಕ್ಕೆ ನಿಷೇಧ ಎಂಬ ವಿಷಯದಲ್ಲಿ ಧರ್ಮಸಭೆಯು ಕಾಲಕಾಲಕ್ಕೆ ಕಟ್ಟಳೆಗಳನ್ನು ವಿಧಿಸಿದೆ. ಪೋಪ್ 14ನೆಯ ಬೆನೆಡಿಕ್ಟರು 1749ರ ಫೆಬ್ರವರಿ 19ರ ಪರಿಪತ್ರದಲ್ಲಿ ನಗಾರಿ, ಬೇಟೆಯ ಕಹಳೆ, ತುತ್ತೂರಿಗಳನ್ನು ಹೊರಗಿಟ್ಟು, ಕಮಾನಿನಿಂದ ನುಡಿಸುವ ತಂತಿವಾದ್ಯಗಳನ್ನು ಒಳಗೆ ಬಿಟ್ಟರು. ಪೋಪ್ 10ನೆಯ ಭಕ್ತಿನಾಥರು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬದಂದು, ಪಿಯಾನೊವನ್ನೂ ಸದ್ದಿನ ವಾದ್ಯಗಳನ್ನೂ ನಿಷೇಧಿಸಿ, ಆರ್ಗನ್ ಹೊರತು ಉಳಿದ ವಾದ್ಯಗಳಿಗೆ ಬಿಷಪರ ಅಪ್ಪಣೆ ಬೇಕೆಂದು ವಿಧಿಸಿದರು. ಆದರೆ 1955ರ ಕ್ರಿಸ್ಮಸ್ ದಿನ ಪೋಪ್ 12ನೆಯ ಭಕ್ತಿನಾಥರು ಹೊರಡಿಸಿದ ಪರಿಪತ್ರದಲ್ಲಿ, ಆರ್ಗನ್ನಿನ ತರುವಾಯ ಪಿಟೀಲು ಮೊದಲಾದ ಕಮಾನಿನ ವಾದ್ಯಗಳನ್ನೇ ಹೆಸರಿಸಿ, ಮಾನವ ಹೃದಯದ ಹರ್ಷವನ್ನೂ ಶೋಕವನ್ನೂ ಹೊರಗೆಡಹುವ ಅವುಗಳ ಶಕ್ತಿಯನ್ನು ಕೊಂಡಾಡಿದ್ದಾರೆ. ಇದನ್ನು ಓದಿದವರು ನಮ್ಮಲ್ಲಿ ಕಡಿಮೆ. ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರೂಪವು ಆರ್ಗನ್ನಿನ ಗೌರವವನ್ನು ಎತ್ತಿಹಿಡಿದು, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಗಿಟಾರ್ ಬಂತು. ಅದರ ಹಿಂದೆಯೇ ವಿದ್ಯುತ್ ಕೀಲಿಮಣೆಯೂ ಬಂತು. ಗುಂಡಿಯೊಂದನ್ನು ಒತ್ತಿದರೆ ಪಿಟೀಲಿನ ದನಿಯನ್ನೂ ಹೊರಡಿಸುವ ಈ ಯಂತ್ರದ ಮುಂದೆ ನಿಜವಾದ ಪಿಟೀಲಿನ ಅವಶ್ಯಕತೆಯೇನು ಎಂದು ಕೇಳುವವರಿದ್ದಾರೆ. ಯಾವ ಪೋಪರೂ ನಿಷೇಧಿಸದ ವಾದ್ಯವು ಹೀಗೆ ತಾನಾಗಿಯೇ ಪೆಟ್ಟಿಗೆ ಸೇರಿತು.

ಪಿಟೀಲು ನಮ್ಮವರ ಸೊತ್ತಾಗಿ ಮಾತ್ರ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಯುರೋಪಿಯನ್ನರಿಂದ ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಅದಕ್ಕೆ ಏಳು ತಂತಿಗಳನ್ನು ಕಟ್ಟಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಅವರ ಸ್ಮಾರಕವಾಗಿ ನಿಂತಿದೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಮೇಳವನ್ನೂ ಪೋಷಿಸಿದ್ದರು. ಇತ್ತ ಗೋವೆಯ ಮಜೋರ್ಡಾ ಗ್ರಾಮದಲ್ಲಿ ಇಗರ್ಜಿಯ ಗಾಯನಗುರುವಿನ ಮಗನಾಗಿ 1927ರಲ್ಲಿ ಹುಟ್ಟಿದ ಆಂತೋನಿ ಗೊನ್ಸಾಲ್ವಿಸರು ಮುಂಬಯಿಯ ಚಲನಚಿತ್ರ ಲೋಕದಲ್ಲಿ ಪಿಟೀಲಿನ ಆಚಾರ್ಯರೆನಿಸಿದರು. ಧರ್ಮಕೇಂದ್ರದ ಶಾಲೆಯ ಪಾಠವು ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಇದೊಂದು ನಿದರ್ಶನ.

ಪಿಟೀಲಿನ ದೊಡ್ಡಣ್ಣನೇ ಚೆಲ್ಲೊ. ನಮ್ಮ ಸೀಮೆಯಲ್ಲಿ ಅದು ಅಪರೂಪ. ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ಒರಗಿಸಿ ನುಡಿಸುವ ಈ ವಾದ್ಯದ ದನಿಯು ಪುರುಷ ಕಂಠಕ್ಕೆ ಅತಿ ಸಮೀಪ. ಮೊದಲು ಅದನ್ನು ಮೀನಖಂಡಗಳ ನಡುವೆಯೇ ಹಿಡಿದಿರಬೇಕಾಗಿತ್ತು. ಕೆಳಗೆ ಊರುವ ಕಡ್ಡಿಯು ರೂಢಿಗೆ ಬಂದುದು 19ನೆಯ ಶತಮಾನದಲ್ಲಿ, ಬೆಲ್ಜಿಯಮಿನ ವಾದಕರಾದ ಸರ್ವೇ ಎಂಬವರಿಂದ. 20ನೆಯ ಶತಮಾನದಲ್ಲಿ ಈ ವಾದ್ಯಕ್ಕೆ ಜಗತ್ತಿನ ಮನ್ನಣೆ ತಂದಿತ್ತ ಪಾಬ್ಲೊ ಕಸಾಲ್ಸರು (1876–1973) ಸ್ಪೇನಿನ ವೆಂಡ್ರೆಲ್ ಎಂಬ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವರ ಮಗ. ಬಾಲಕನಿಗೆ ತಂದೆಯು ಮೊದಲು ಮಾಡಿಕೊಟ್ಟದ್ದು ಸೋರೆಬುರುಡೆಯ ಚೆಲ್ಲೊ! ನಮ್ಮ ತಂಬೂರಿಯ ಬುರುಡೆಯನ್ನು ಬಲ್ಲ ಯಾರಿಗೂ ಇದು ವಿಚಿತ್ರವೆನಿಸದು.

ಈ ವಾದ್ಯಗಳ ಒಳಗಿನ ರಚನೆಯನ್ನು ಸ್ವಲ್ಪ ವಿವರಿಸದೆ ಅವುಗಳ ಆರೈಕೆಯು ಅರ್ಥವಾಗದು. ಮೇಲಿನ ಹಲಗೆಯು ಸ್ಪ್ರೂಸ್ ಎಂಬ ಶೀತದೇಶದ ಹಗುರ ಮರದ್ದು, ಬೆನ್ನು ಮೇಪಲ್ ಮರದ್ದು. ಪಿಟೀಲಿನ ಮೇಲಿನ ಹಲಗೆಯ ದಪ್ಪ 3 ಮಿಲಿಮೀಟರ್ ಆಸುಪಾಸು. ಚೆಲ್ಲೊದಲ್ಲಿ ಅದಕ್ಕಿಂತ ತುಸು ಹೆಚ್ಚು. ಇಷ್ಟು ತೆಳ್ಳನೆಯ ಹಲಗೆಯ ಮೇಲೆ ಒಂದು ಕುದುರೆ ನಿಂತಿದೆ. ಕುದುರೆಯ ಮೇಲೆ ನಾಲ್ಕು ತಂತಿಗಳು ಬಿಗಿದಿವೆ. ಚೆಲ್ಲೊದ ನಾಲ್ಕು ತಂತಿಗಳ ಎಳೆತವನ್ನು ಕೂಡಿಸಿದರೆ ಒಂದು ಅಕ್ಕಿಮುಡಿಯ ತೂಕಕ್ಕಿಂತಲೂ ಹೆಚ್ಚು, 50 ಕಿಲೋ ಮೀರುತ್ತದೆ. ಹಲಗೆ ಕುಸಿಯದಿರುವುದಕ್ಕೆ ಕಾರಣ, ಕುದುರೆಯ ಒಂದು ಕಾಲಿನ ಸಮೀಪದಲ್ಲಿ ಒಳಗಡೆ ಮೇಲಿನ ಹಲಗೆಗೂ ಬೆನ್ನಿಗೂ ನಡುವೆ ನಿಲ್ಲಿಸಿರುವ ಬೆರಳುಗಾತ್ರದ ಒಂದು ಮರದ ಕಡ್ಡಿ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಮೇಲಿನ ಹಲಗೆಯ ನಡುಕವನ್ನು ಬೆನ್ನಿಗೆ ಮುಟ್ಟಿಸುವುದೂ ಅದೇ. ಅದನ್ನು ಒಂದು ಕೂದಲೆಳೆಯಷ್ಟು ಸರಿಸಿದರೆ ನಾದವೇ ಬದಲಾಗುತ್ತದೆ. ಇಟಲಿಯವರು ಈ ಕಡ್ಡಿಗೆ ‘ಅನಿಮ’ ಎಂದು ಹೆಸರಿಟ್ಟಿದ್ದಾರೆ, ಪೋರ್ಚುಗೀಜರು ‘ಅಲ್ಮ’ ಎನ್ನುತ್ತಾರೆ. ಎರಡರ ಅರ್ಥವೂ ಆತ್ಮ. ಗುರುಮಠದಲ್ಲಿ ಲತೀನಿನ ‘ಅನಿಮ’ ಶಬ್ದವನ್ನು ತತ್ತ್ವಶಾಸ್ತ್ರದ ಪಾಠದಲ್ಲಿ ಉರುಹೊಡೆದಿದ್ದ ನಮಗೆ, ಅದೇ ಶಬ್ದವು ಬಡಗಿಯ ಬಾಯಲ್ಲಿ ಒಂದು ಕಡ್ಡಿಯ ಹೆಸರೆಂದು ತಿಳಿದಾಗ ನಗುವೂ ಬಂತು, ಸಂತೋಷವೂ ಆಯಿತು.

ಒಮ್ಮೆಲೇ ನಾಲ್ಕು ತಂತಿಗಳನ್ನೂ ಬಿಚ್ಚಿದರೆ ಈ ಆತ್ಮವು ಬಿದ್ದುಹೋಗುತ್ತದೆ. ತಂತಿ ಬದಲಿಸುವವರು ಒಂದನ್ನು ಬಿಚ್ಚಿ, ಹೊಸದನ್ನು ಕಟ್ಟಿ, ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು. ಹಬ್ಬದ ಮುನ್ನಾದಿನ ಉತ್ಸಾಹದಿಂದ ಎಲ್ಲ ತಂತಿಗಳನ್ನೂ ಕಿತ್ತು ಒರಸಿ ಹೊಳಪು ಕೊಡುವ ಯುವಕರು ಇದನ್ನು ನೆನಪಿಡಲಿ. ಬಿರಡೆ ತಿರುಗಿಸುವಾಗ ಕುದುರೆಯು ಮೆಲ್ಲಮೆಲ್ಲನೆ ಮುಂದಕ್ಕೆ ಬಾಗುತ್ತದೆ. ಅದನ್ನು ಆಗಾಗ ಎರಡು ಕೈಗಳಿಂದ ನೇರ ನಿಲ್ಲಿಸದಿದ್ದರೆ ಒಂದು ದಿನ ಮಡಚಿ ಬಿದ್ದು, ಮೇಲಿನ ಹಲಗೆಯನ್ನೇ ಸೀಳಬಹುದು.

ತಂತಿಗಳ ಚರಿತ್ರೆಯೂ ಸ್ವಾರಸ್ಯವಾದುದೇ. ಆರಂಭದಲ್ಲಿ ಅವೆಲ್ಲ ಕುರಿಯ ಕರುಳಿನಿಂದ ಹೊಸೆದವು. (ಹತ್ತಿ ಬಡಿಯುವ ಪಿಂಜಾರನ ಬಿಲ್ಲಿನ ಹೆದೆಯೂ ಕರುಳಿನದೇ ಆಗಿತ್ತು, ಆದ್ದರಿಂದ ನಮ್ಮ ಹಿರಿಯರಿಗೆ ಅದು ಅಪರಿಚಿತ ವಸ್ತುವಲ್ಲ.) ಬರಿಯ ಕರುಳಿನಿಂದ ಮಂದ್ರಸ್ವರ ಹೊರಡಬೇಕಾದರೆ ತಂತಿಯು ಬಹಳ ದಪ್ಪವಾಗಿರಬೇಕು, ಉದ್ದವಾಗಿಯೂ ಇರಬೇಕು, ಆದ್ದರಿಂದ ಆದಿಯ ಚೆಲ್ಲೊಗಳು ಅಗಾಧ ಗಾತ್ರದವಾಗಿದ್ದವು. 1660ರ ಸುಮಾರಿಗೆ ಇಟಲಿಯ ಬೊಲೊನ್ಯದಲ್ಲಿ ಕರುಳಿನ ಮೇಲೆ ಸಣ್ಣ ಲೋಹದ ಎಳೆಯನ್ನು ಸುತ್ತುವ ಉಪಾಯವು ಬಳಕೆಗೆ ಬಂತು. ತೂಕ ಹೆಚ್ಚಿತು, ದಪ್ಪ ಹೆಚ್ಚಲಿಲ್ಲ. ವಾದ್ಯದ ದೇಹವನ್ನು ಚಿಕ್ಕದಾಗಿಸಲು ಸಾಧ್ಯವಾಯಿತು. ಕ್ರೆಮೋನದ ಅಂತೋನಿಯೊ ಸ್ಟ್ರಾಡಿವರಿಯು 1707ರ ಸುಮಾರಿಗೆ ನಿರ್ಧರಿಸಿದ ಅಳತೆಯೇ ಇಂದಿಗೂ ಚೆಲ್ಲೊದ ಮಾದರಿ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ಅಭಾವವುಂಟಾಗಿ ಉಕ್ಕಿನ ತಂತಿಗಳು ಹರಡಿದವು.

ನಮ್ಮ ಕರಾವಳಿಗೆ ಉಕ್ಕು ಬಂದದ್ದು ಒಂದು ಬಗೆಯ ವರವೇ ಸರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡಿನಲ್ಲಿ ಕರುಳಿನ ತಂತಿಯು ನೀರನ್ನು ಹೀರಿ ಉಬ್ಬುತ್ತದೆ, ಶ್ರುತಿ ನಿಲ್ಲುವುದಿಲ್ಲ, ಕಡೆಗೆ ಎಳೆ ಬಿಟ್ಟು ತುಂಡಾಗುತ್ತದೆ. ಆದರೆ ಉಕ್ಕಿಗೆ ಬೇರೆ ಶತ್ರುವುಂಟು. ಆಟಿ ತಿಂಗಳ ಒಂದೇ ವಾರದಲ್ಲಿ ಅದಕ್ಕೆ ತುಕ್ಕು ಹಿಡಿಯುತ್ತದೆ. ನುಡಿಸಿದ ಬಳಿಕ ಒಣಗಿದ ಹತ್ತಿಬಟ್ಟೆಯಿಂದ ಬೆವರನ್ನೂ ರಾಳದ ಪುಡಿಯನ್ನೂ ಒರಸಿಡುವುದು ಅರ್ಧ ನಿಮಿಷದ ಕೆಲಸ. ಅದನ್ನು ಮಾಡದ ಕಾರಣ ವರ್ಷವರ್ಷವೂ ತಂತಿ ಕೊಳ್ಳುವ ಗಾಯನ ಮಂಡಳಿಗಳನ್ನು ನಾವು ಕಂಡಿದ್ದೇವೆ. ರಾಳದ ಪುಡಿಯು ಮೆರುಗೆಣ್ಣೆಯ ಮೇಲೆ ಕೂತು ಗಟ್ಟಿಯಾದರೆ ಅದನ್ನು ತೆಗೆಯಲು ಸ್ಪಿರಿಟ್ ಹಾಕುವವರಿದ್ದಾರೆ. ಸ್ಪಿರಿಟ್ ರಾಳವನ್ನೂ ಕರಗಿಸುತ್ತದೆ, ಮೆರುಗೆಣ್ಣೆಯನ್ನೂ ಕರಗಿಸುತ್ತದೆ.

ತಂತಿಗಿಂತಲೂ ಮರದ ಕಷ್ಟ ದೊಡ್ಡದು. ಮಳೆಗಾಲದಲ್ಲಿ ಮರವು ಎಳೆಗಳಿಗೆ ಅಡ್ಡಲಾಗಿ ಉಬ್ಬುತ್ತದೆ. ಬಿರಡೆಗಳು ತಿರುಗದಂತೆ ಕಚ್ಚಿಕೊಳ್ಳುತ್ತವೆ. ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮಾಘದಿಂದ ಬಿಸಿಲೇರಿದಂತೆ ಮರವು ಕುಗ್ಗುತ್ತದೆ. ಬಿರಡೆಗಳು ಸಡಿಲಿ ತಂತಿಗಳು ತಾವಾಗಿ ಇಳಿಯುತ್ತವೆ. ಹಲಗೆಗಳ ಅಂಚುಗಳು ಬಿಟ್ಟುಕೊಳ್ಳುತ್ತವೆ. ಬಿರಡೆಗೆ ತುಸು ಸೀಮೆಸುಣ್ಣ, ತುಸು ಸಾಬೂನು ತಿಕ್ಕುವುದು ಹಳಬರ ಮದ್ದು, ಈಗಲೂ ಅದು ಸಾಕು. 1923ರ ಮತ್ತು 1974ರ ನೇತ್ರಾವತಿಯ ಪ್ರವಾಹಗಳನ್ನು ಬಂಟ್ವಾಳದವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಬೆಟ್ಟಗಳು ಕುಸಿದುದನ್ನು ಬೆಳ್ತಂಗಡಿಯವರು ಕಣ್ಣಾರೆ ಕಂಡಿದ್ದಾರೆ. ಆದರೆ ಹೊಳೆಯ ನೀರು ಗಾಯನ ಮಂಟಪದವರೆಗೆ ಏರುವುದಿಲ್ಲ. ವಾದ್ಯಗಳನ್ನು ಕೊಲ್ಲುವುದು ಸದ್ದಿಲ್ಲದೆ ಬರುವ ಗಾಳಿಯ ತೇವ. ಅದೇ ತೇವದಲ್ಲಿ ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳು, ಒಂಬತ್ತು ನಾರಿಯರು ಕೂಡಿ ಆನೆಯಾದ, ಐವರು ಕೂಡಿ ಕುದುರೆಯಾದ ಆ ಅದ್ಭುತ ಕುಸುರಿಕೆಲಸವು 17ನೆಯ ಶತಮಾನದಿಂದ ನಿಂತಿದೆ. ಅಲ್ಲಿನ ಜೈನ ಮಠದವರು ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಹವೆಯಲ್ಲಿ ಏನೂ ಉಳಿಯದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಇನ್ನು ಅಂಟಿನ ವಿಷಯ. ನಮ್ಮ ಮಟ್ಟಿಗೆ ಈ ಲೇಖನದ ತಿರುಳೇ ಅದು. ಪಿಟೀಲು, ಚೆಲ್ಲೊಗಳ ಹಲಗೆಗಳನ್ನು ಕೂಡಿಸಿರುವುದು ಸರೇಸಿನಿಂದ, ಎಂದರೆ ಪ್ರಾಣಿಗಳ ಚರ್ಮವನ್ನು ಕುದಿಸಿ ತೆಗೆದ ಹಳೆಯ ಕಾಲದ ಅಂಟಿನಿಂದ. ಒಣಗಿದಾಗ ಅದು ಬಿಗಿ. ಬಿಸಿ ಮತ್ತು ತೇವ ತಾಗಿದರೆ ಬಿಡುತ್ತದೆ. ಇದು ಅದರ ದೋಷವಲ್ಲ, ಗುಣ. ಮರವು ಉಬ್ಬಿ ಕುಗ್ಗುವಾಗ ಹಲಗೆ ಸೀಳುವುದಕ್ಕೆ ಮೊದಲೇ ಅಂಚಿನ ಅಂಟು ಬಿಟ್ಟುಕೊಟ್ಟು ಹಲಗೆಯನ್ನು ಉಳಿಸುತ್ತದೆ. ಬಿಟ್ಟ ಅಂಚನ್ನು ಬಿಸಿ ಸರೇಸಿನಿಂದ ಮತ್ತೆ ಕೂಡಿಸಬಹುದು. ಒಳಗೆ ಬಿರುಕಿದ್ದರೆ ತೆಳ್ಳನೆಯ ಅಲಗನ್ನು ತೂರಿಸಿ ಮೇಲಿನ ಹಲಗೆಯನ್ನೇ ಎತ್ತಿ, ದುರಸ್ತಿ ಮಾಡಿ, ಮುಚ್ಚಬಹುದು. ಈ ವಾದ್ಯಗಳನ್ನು ಕಟ್ಟಿದವರು ಮುಂದೊಂದು ದಿನ ಬೇರೊಬ್ಬನು ಇವನ್ನು ಬಿಚ್ಚುವನೆಂದು ತಿಳಿದೇ ಕಟ್ಟಿದರು. ಕ್ರೆಮೋನದ ಅಂದ್ರೆಯಾ ಅಮಾತಿಯು 16ನೆಯ ಶತಮಾನದಲ್ಲಿ ಕಟ್ಟಿದ, ‘ಅರಸ’ ಎಂದು ಕರೆಯಲ್ಪಡುವ ಚೆಲ್ಲೊ ಅಮೆರಿಕೆಯ ದಕ್ಷಿಣ ಡಕೋಟದ ವಸ್ತುಸಂಗ್ರಹಾಲಯದಲ್ಲಿದೆ. ಉಳಿದಿರುವ ಚೆಲ್ಲೊಗಳಲ್ಲಿ ಅದೇ ಅತಿ ಹಳೆಯದೆನ್ನುತ್ತಾರೆ. 19ನೆಯ ಶತಮಾನದ ಆದಿಯಲ್ಲಿ ಅದರ ದೇಹವನ್ನೇ ಕತ್ತರಿಸಿ ಚಿಕ್ಕದಾಗಿಸಿದರು. ಆದರೂ ಅದು ಚೆಲ್ಲೊವಾಗಿಯೇ ಉಳಿದಿದೆ. ಸ್ಟ್ರಾಡಿವರಿಯ ಪಿಟೀಲುಗಳಲ್ಲಿ ಮೂಲ ಕೊರಳು ಉಳಿದಿರುವುದೂ ತೀರ ವಿರಳ. ಅವುಗಳ ಕೀರ್ತಿಗೆ ಅದರಿಂದ ಕುಂದೇನೂ ಬಂದಿಲ್ಲ.

ಈಗಿನ ಬಿಳಿ ಅಂಟುಗಳ ಸ್ವಭಾವ ಇದಕ್ಕೆ ವಿರುದ್ಧ. ಮೇಜು, ಕಪಾಟುಗಳಿಗೆ ಫೆವಿಕಾಲ್ ಒಳ್ಳೆಯದೇ. ಪಿಟೀಲಿಗೆ ಅದು ಮರಣಶಾಸನ. ಅದು ಬಿಡುವುದಿಲ್ಲ, ಹಲಗೆ ಕುಗ್ಗಿದಾಗ ಅಂಚಿನ ಬದಲು ನಡುವೇ ಸೀಳುತ್ತದೆ, ಮುಂದೆ ಬಿಚ್ಚಹೊರಟರೆ ಮರವೇ ಕಿತ್ತು ಬರುತ್ತದೆ. ನಮ್ಮ ಸೀಮೆಯ ಹಳೆಯ ಪಿಟೀಲುಗಳು ವಯಸ್ಸಿನಿಂದ ಸತ್ತದ್ದಕ್ಕಿಂತ ಇಂತಹ ಚಿಕಿತ್ಸೆಯಿಂದ ಸತ್ತದ್ದೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಮಾಡಿದವರು ದುಷ್ಟರಲ್ಲ, ಇಗರ್ಜಿಯ ಸೊತ್ತೆಂದು ಕೂಲಿಯನ್ನೂ ಕೇಳದೆ ಪ್ರೀತಿಯಿಂದ ಮಾಡಿಕೊಟ್ಟವರು. ಹಾಡಿನ ಮೇಸ್ತ್ರಿಯು ಮರದ ಮೇಸ್ತ್ರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಗುಮಟೆಯ ಸಂಗತಿಯನ್ನು ಇಲ್ಲಿ ನೆನೆಯಬಹುದು. ರೋಸ್ ದಿನ ಮನೆಯಂಗಳದಲ್ಲಿ ಮೊಳಗುತ್ತಿದ್ದ ಆ ಮಣ್ಣಿನ ವಾದ್ಯಕ್ಕೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡಕ್ಕೆ ರಕ್ಷಣೆಯಿತ್ತಿತು, ಆಡಿನ ಚರ್ಮವು ಬಂತು, ಗುಮಟೆಯು ಸಾಯಲಿಲ್ಲ. 2019ರಲ್ಲಿ ಗೋವಾ ಸರಕಾರವು ಅದನ್ನು ತನ್ನ ಪರಂಪರೆಯ ವಾದ್ಯವೆಂದು ಘೋಷಿಸಿತು. ಅದನ್ನು ಬಿಗಿಯಬಲ್ಲ ಕೈಗಳಿದ್ದುದರಿಂದ ಅದು ಉಳಿಯಿತು.

ದುರಸ್ತಿಗೆ ಕಾಲವೂ ಮುಖ್ಯ. ತಪಸ್ಸುಕಾಲದಲ್ಲಿ ವಾದ್ಯಗಳು ಮೌನ ತಾಳಬೇಕೆಂಬ ನಿಯಮವು ಧರ್ಮಸಭೆಯಲ್ಲಿ ಬಹು ಹಳೆಯದು. 1600ರ ಬಿಷಪರ ವಿಧಿಗ್ರಂಥದಲ್ಲಿಯೇ ಅದಿದೆ. ಇಂದಿಗೂ ಆ ದಿನಗಳಲ್ಲಿ ಹಾಡಿಗೆ ಆಧಾರವಾಗಿ ಮಾತ್ರ ವಾದ್ಯ ನುಡಿಸಬೇಕೆಂಬುದು ವಿಧಿ. ನಾಲ್ಕನೆಯ ಭಾನುವಾರ ಮತ್ತು ಹಬ್ಬಗಳಿಗೆ ಮಾತ್ರ ವಿನಾಯಿತಿ. ರೋಮಿನಲ್ಲಿ ಅದು ಚಳಿ ಕಳೆಯುವ ಕಾಲ. ನಮ್ಮಲ್ಲಾದರೋ ಅದು ಮಾಘ, ಫಾಲ್ಗುಣಗಳ ಒಣಹವೆ. ಬಿಟ್ಟ ಅಂಚುಗಳೆಲ್ಲ ಕಣ್ಣಿಗೆ ಕಾಣುವ, ಸರೇಸು ಚೆನ್ನಾಗಿ ಒಣಗುವ ಕಾಲ. ವಿಭೂತಿ ಬುಧವಾರದಂದು ವಾದ್ಯವನ್ನು ದುರಸ್ತಿಗೆ ಕೊಟ್ಟು ಪಾಸ್ಖದ ಜಾಗರಣೆಯ ಗ್ಲೋರಿಯಾಕ್ಕೆ ಮರಳಿ ತರುವುದಕ್ಕಿಂತ ಅನುಕೂಲವಾದ ಏರ್ಪಾಡು ನಮ್ಮ ನಾಡಿಗೆ ಬೇರೊಂದಿಲ್ಲ.

ಈ ಶತಮಾನೋತ್ಸವದ ಸಲುವಾಗಿ ಗಾಯನ ಮಂಟಪವನ್ನು ತೆರವುಗೊಳಿಸಿದಾಗ ಮೂರು ಪೆಟ್ಟಿಗೆಗಳು ಹೊರಬಂದವು. ಎರಡರಲ್ಲಿ ಪಿಟೀಲುಗಳು, ಒಂದರಲ್ಲಿ ಚೆಲ್ಲೊ. ಗುಜರಿಗೆ ಕೊಡೋಣವೆಂಬ ಸಲಹೆಯೂ, ಬಣ್ಣ ಬಳಿದು ವಸ್ತುಪ್ರದರ್ಶನದಲ್ಲಿಡೋಣವೆಂಬ ಸಲಹೆಯೂ ಬಂದವು. ಒಂದು ಪಿಟೀಲಿನ ಬೆನ್ನನ್ನು ಗೆದ್ದಲು ತಿಂದಿತ್ತು, ಅದಕ್ಕೆ ಉಪಾಯವಿರಲಿಲ್ಲ. ಎರಡನೆಯದಕ್ಕೆ ಯಾರೋ ಬಿಳಿ ಅಂಟನ್ನು ಸುರಿದು, ಸಾಲದೆಂದು ಎರಡು ಮೊಳೆಗಳನ್ನೂ ಹೊಡೆದಿದ್ದರು. ಚೆಲ್ಲೊವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಒಂದು ಬದಿಯ ಅಂಚು ಗೇಣುದ್ದ ಬಿಟ್ಟಿತ್ತು, ತಂತಿಗಳು ತುಕ್ಕು ಹಿಡಿದು ತುಂಡಾಗಿದ್ದವು, ಅಲುಗಿಸಿದಾಗ ಒಳಗೆ ಆತ್ಮವು ಉರುಳಾಡುವ ಸದ್ದು ಕೇಳುತ್ತಿತ್ತು. ಮೇಲಿನ ಹಲಗೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಯಾರ ಪ್ರೀತಿಗೂ ಪಾತ್ರವಾಗದ ಕಾರಣ ಅದು ಬದುಕಿತು ಎಂದರೆ ಕಟುವಾದೀತು, ಆದರೆ ನಿಜ. ಪಾಲನಾ ಮಂಡಳಿಯ ಒಪ್ಪಿಗೆಯಿಂದ ಅದನ್ನು ಬೆಂಗಳೂರಿನ ದುರಸ್ತಿಗಾರರೊಬ್ಬರಲ್ಲಿಗೆ ಕಳುಹಿಸಲಾಯಿತು. ಅಂಚು ಕೂಡಿದೆ, ಕಡ್ಡಿ ನಿಂತಿದೆ, ಹೊಸ ಕುದುರೆಯನ್ನು ಕೊರೆದಿದ್ದಾರೆ. ಕಮಾನಿಗೆ ಕುದುರೆಯ ಬಾಲದ ಕೂದಲು ಕಟ್ಟುವುದು ಬಾಕಿಯಿದೆ. ನಮ್ಮ ಧರ್ಮಕೇಂದ್ರದ ಇಬ್ಬರು ಹುಡುಗಿಯರೂ ಒಬ್ಬ ಬಡಗಿ ಯುವಕನೂ ಕಲಿಯುವುದಕ್ಕೆ ಮುಂದೆ ಬಂದಿದ್ದಾರೆ. ಹುಡುಗಿಯರು ನುಡಿಸುವುದನ್ನು, ಯುವಕನು ಸರೇಸು ಕಾಯಿಸುವುದನ್ನು.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪಿಟೀಲು ಇರುವ ಕುಟುಂಬಗಳು ಈ ಧರ್ಮಕೇಂದ್ರದಲ್ಲಿ ಅನೇಕವಿವೆ. ಅಂಥವರು ಅದನ್ನು ಒರಸದೆ, ಅಂಟು ಹಚ್ಚದೆ, ತಂತಿ ಬಿಗಿಯದೆ, ಇದ್ದ ಸ್ಥಿತಿಯಲ್ಲಿಯೇ ಬರುವ ವಿಭೂತಿ ಬುಧವಾರದೊಳಗೆ ಗುರುನಿವಾಸಕ್ಕೆ ತಂದೊಪ್ಪಿಸಬೇಕೆಂದು ಕೋರುತ್ತೇವೆ. ಪೆಟ್ಟಿಗೆಯ ಮೇಲೆ ಮನೆಯ ಹೆಸರನ್ನೂ ವಾಳೆಯ ಹೆಸರನ್ನೂ ಬರೆದಿರಲಿ. ಒಳಗೆ ಕಡ್ಡಿಯೊಂದು ಉರುಳಾಡುವ ಸದ್ದು ಕೇಳಿದರೆ ಹೆದರಬೇಕಾಗಿಲ್ಲ. ಅದನ್ನು ಅಲುಗಿಸಿ ಹೊರತೆಗೆಯಲು ಮಾತ್ರ ಹೋಗಬಾರದು.